ಬೆಟ್ಟದ ಆಚೆ ಮಗ್ಗುಲಿಗೆ ಇಳಿಯುವ ಮುನ್ನ

ಓದುಗರ ಪ್ರಶ್ನೆ, ಚಾರಣಿಗರ ಉತ್ತರ

ಬೇಸಿಗೆ ರಜೆ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳು ಹಿಮಾಲಯದತ್ತ ತಿರುಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಒಂದು ಕಣಿವೆಯಿಂದ ಹತ್ತಿ, ಬೆಟ್ಟಸಾಲಿನ ತಗ್ಗೊಂದನ್ನು ದಾಟಿ, ಇನ್ನೊಂದು ಕಣಿವೆಗೆ ಇಳಿಯುವ ಚಾರಣದ ಬಗೆಗಿದ್ದವು. ಅವುಗಳಲ್ಲಿಯೂ ಬಹುಪಾಲು ಪತ್ರಗಳಲ್ಲಿ ಹಿಮಾಚಲ ಪ್ರದೇಶದ ಹಂಪ್ತಾ ಪಾಸ್‌ನ ಹೆಸರೇ ಇದ್ದುದರಿಂದ ಅದನ್ನೇ ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ. ಸ್ವಿಟ್ಜರ್ಲೆಂಡಿನಿಂದ ಬಂದ ಒಂದು ಪತ್ರವೂ ಇದೇ ವಿಷಯಕ್ಕೆ ಸೇರಿದ್ದರಿಂದ ಅದನ್ನು ಮುಂದಿನ ತಿಂಗಳಿಗೆ ತಳ್ಳದೆ ಇಲ್ಲಿಯೇ ಸೇರಿಸಿಕೊಂಡಿದ್ದೇನೆ.

ಭೂಪಟದಲ್ಲಿ ‘ಹಂಪ್ತಾ ಪಾಸ್’ ಎಂದಿದೆ. ನಾವು ಶಾಲೆಯಲ್ಲಿ ‘ಖೈಬರ್ ಕಣಿವೆ’ ಎಂದು ಓದಿದ್ದೆವು. ಹಿಂದಿಯವರು ಘಾಟಿ ಎಂದರೆ ಕಣಿವೆ ಎನ್ನುತ್ತಾರೆ, ನಮಗೆ ಘಾಟಿ ಎಂದರೆ ಶಿರಾಡಿ, ಚಾರ್ಮಾಡಿ. ಸರಿಯಾದ ಕನ್ನಡ ಪದ ಯಾವುದು?
— ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ನಿಮ್ಮ ಗೊಂದಲ ನಿಘಂಟಿಗಷ್ಟೇ ಸೀಮಿತವಾದುದಲ್ಲ, ಬೆಟ್ಟದ ಮೇಲೂ ಅದು ಕಾಡುತ್ತದೆ. ಒಮ್ಮೆ ಶಿಬಿರದಲ್ಲಿ ಅಡುಗೆಯವನು ಸಂಜೆ ಟೆಂಟಿನೊಳಗೆ ತಲೆಹಾಕಿ ‘ಘಾಟಿ ಮೇಂ ಬಾದಲ್ ಹೈ’ ಎಂದು ಹೇಳಿ ಹೋದ. ನಮ್ಮೊಡನಿದ್ದ ಸಕಲೇಶಪುರದ ಗೆಳೆಯರು ನಾಳೆ ದಾಟಬೇಕಾದ ಜಾಗದಲ್ಲೇ ಮೋಡ ಕವಿದಿದೆಯೆಂದು ತಿಳಿದು, ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ಕಳೆದರು. ಅವನು ಹೇಳಿದ್ದು ನಾವು ಬಿಟ್ಟು ಬಂದಿದ್ದ ಕೆಳಗಿನ ಕಣಿವೆಯ ಮಾತು. ನೆತ್ತಿಯ ಮೇಲೆ ನಕ್ಷತ್ರಗಳು ನಿಚ್ಚಳವಾಗಿದ್ದವು.

ಕನ್ನಡದಲ್ಲಿ ಘಾಟಿ ಎಂಬುದು ಏರುದಾರಿಗೆ ನಿಂತ ಹೆಸರು, ಕಣಿವೆ ಎಂಬುದನ್ನು ನಾವು ಎರಡು ಬೆಟ್ಟಗಳ ನಡುವಿನ ಬಯಲಿಗೂ ಬೆಟ್ಟಸಾಲಿನ ನಡುವೆ ತೂರಿಹೋಗುವ ದಾರಿಗೂ ಬಳಸುತ್ತ ಬಂದಿದ್ದೇವೆ. ಹಂಪ್ತಾದ ಗದ್ದಿ ಕುರಿಗಾಹಿಗಳು ದಾಟುವ ತಗ್ಗನ್ನು ‘ಜೋತ್’ ಎನ್ನುತ್ತಾರೆ. ಟಿಬೆಟನ್ ಮಾತಿನ ಪ್ರಭಾವವಿರುವಲ್ಲಿ ಅದು ‘ಲಾ’, ಗಢವಾಲದಲ್ಲಿ ‘ಖಾಲ್’, ಕುಮಾವೂಂನಲ್ಲಿ ‘ಧುರಾ’. ‘ನಾಥು ಲಾ ಪಾಸ್’ ಎನ್ನುವುದು ನಮ್ಮ ‘ನಡುಮಧ್ಯೆ’ ಇದ್ದ ಹಾಗೆ, ಹೇಳಿದ್ದನ್ನೇ ಎರಡು ಸಲ ಹೇಳಿದಂತಾಯಿತು. ಈ ಬರಹದಲ್ಲಿ ನಾನು ದಾಟುವ ಜಾಗಕ್ಕೆ ಚಾರಣಿಗರೆಲ್ಲ ಬಳಸುವ ‘ಪಾಸ್’ ಎಂಬ ಮಾತನ್ನೂ, ದಾಟುವ ಕೆಲಸಕ್ಕೆ ‘ಘಟ್ಟ ದಾಟುವುದು’ ಎಂಬ ಹಳೆಯ ಮಾತನ್ನೂ ಇಟ್ಟುಕೊಂಡು, ಕಣಿವೆಯನ್ನು ಬಯಲಿಗೆ ಮಾತ್ರ ಬಿಟ್ಟಿದ್ದೇನೆ.

ನನಗೆ 46 ವರ್ಷ, ಬ್ಯಾಂಕಿನಲ್ಲಿ ಕೆಲಸ. ಕುಮಾರ ಪರ್ವತವನ್ನು ಆರೇಳು ಬಾರಿ ಹತ್ತಿದ್ದೇನೆ. ಮೊದಲ ಹಿಮಾಲಯದ ಚಾರಣಕ್ಕೆ ಹಂಪ್ತಾ ಆದೀತೇ? ದಾರಿ ಹೇಗಿದೆ, ಹೇಗೆ ತಯಾರಾಗಬೇಕು?
— ಓದುಗರೊಬ್ಬರು, ಮೈಸೂರು

ಆದೀತು. ಆದರೆ ಕುಮಾರ ಪರ್ವತ ನಿಮಗೆ ಕಲಿಸಿರುವುದು ಯಾವುದನ್ನು, ಕಲಿಸದೆ ಬಿಟ್ಟಿರುವುದು ಯಾವುದನ್ನು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಕುಕ್ಕೆಯ ಕಡೆಯಿಂದ ಹತ್ತುವವರು ಒಂದೇ ಏರಿನಲ್ಲಿ 1,500 ಮೀಟರಿಗೂ ಮಿಕ್ಕು ಮೇಲೇರುತ್ತಾರೆ. ಹಂಪ್ತಾದ ಯಾವ ದಿನದಲ್ಲಿಯೂ ಅಷ್ಟು ಏರು ಇಲ್ಲ. ಕಾಲಿನ ಶಕ್ತಿಯ ಮಟ್ಟಿಗೆ ನೀವು ಆಗಲೇ ಮುಂದಿದ್ದೀರಿ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಚಾರಣ ಶುರುವಾಗುವುದಕ್ಕೂ ಮುಂಚೆ ನೀವು ಬಸ್ಸಿನಿಂದ ಇಳಿದು ಚಹಾ ಕುಡಿಯುವ ಮನಾಲಿ ಪೇಟೆ ಸುಮಾರು 2,050 ಮೀಟರ್. ನಮ್ಮ ನಾಡಿನ ಯಾವ ಬೆಟ್ಟವೂ ನಿಮಗೆ ಎತ್ತರದ ಗಾಳಿಯ ಪರಿಚಯ ಮಾಡಿಕೊಡಲಾರದು.

ಮನಾಲಿಯಿಂದ ಪ್ರಿಣಿಯ ಮೂಲಕ ಹಾವಿನಂತೆ ಸುತ್ತುವ ಜಲವಿದ್ಯುತ್ ಯೋಜನೆಯ ರಸ್ತೆಯಲ್ಲಿ ಸುಮಾರು 3,000 ಮೀಟರ್ ಎತ್ತರದ ಜೋಬ್ರಾವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮೇಪಲ್, ಭೂರ್ಜ ಮರಗಳ ನಡುವೆ ಹಳ್ಳದ ಪಕ್ಕದಲ್ಲೇ ನಡೆದು ಚೀಕಾ ಎಂಬ ಹುಲ್ಲುಗಾವಲನ್ನು ತಲುಪುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಮರುದಿನ ಮರಗಳೆಲ್ಲ ಹಿಂದೆ ಸರಿದು, ಬಂಡೆಯ ರಾಶಿ, ಹಳ್ಳದ ಕವಲು ಮತ್ತು ಮರಳುದಿಣ್ಣೆಗಳ ಬಯಲಿನಲ್ಲಿ, ಸುಮಾರು 3,600 ಮೀಟರ್ ಎತ್ತರದ ಬಾಲು ಕಾ ಘೇರಾ ಸಿಗುತ್ತದೆ. ಮೂರನೆಯ ದಿನವೇ ಚಾರಣದ ತಿರುಳು. ಬೆಳಗಿನ ಕತ್ತಲಲ್ಲಿ ಹೊರಟು, ಒಂದರ ಮೇಲೊಂದು ಮೆಟ್ಟಿಲಿಟ್ಟಂತಿರುವ ದಿಬ್ಬಗಳನ್ನು ಹತ್ತಿ ಸುಮಾರು 4,270 ಮೀಟರಿನ ಪಾಸ್ ತಲುಪಬೇಕು. ಪ್ರತಿ ದಿಬ್ಬದ ನೆತ್ತಿಯೂ ಪಾಸಿನಂತೆಯೇ ಕಾಣುತ್ತದೆ; ‘ಇದೇನಾ, ಇದೇನಾ’ ಎಂದು ಗೈಡನ್ನು ಕೇಳುವುದನ್ನು ಮೊದಲೇ ಬಿಟ್ಟುಬಿಟ್ಟರೆ ಉಸಿರು ಉಳಿಯುತ್ತದೆ. ಮೇಲೆ ನಿಂತು ದೇವ್ ಟಿಬ್ಬಾ ಮತ್ತು 6,221 ಮೀಟರಿನ ಇಂದ್ರಾಸನವನ್ನು ನೋಡಿ, ಆಚೆ ಮಗ್ಗುಲಿನಲ್ಲಿ ಕಡಿದಾದ ಇಳಿಜಾರಿನಲ್ಲಿ ಸುಮಾರು 3,900 ಮೀಟರಿನ ಶಿಯಾಗೋರು ಶಿಬಿರಕ್ಕೆ ಇಳಿಯಬೇಕು. ಕೊನೆಯ ದಿನ ಚಂದ್ರಾ ನದಿಯ ದಂಡೆಯ ಛತ್ರು, ಅಲ್ಲಿಂದ ರಸ್ತೆ.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಲೆಕ್ಕವನ್ನು ಬೆಟ್ಟ ಹತ್ತುವವರು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ಪಾಸ್ ದಾಟುವ ದಿನ ಮಧ್ಯಾಹ್ನದೊಳಗೆ ಮುಗಿದು ಊಟಕ್ಕೆ ಕೂರಬಹುದು ಎನ್ನಿಸುತ್ತದೆ. ನಿಜದಲ್ಲಿ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಮಿಕ್ಕ ಹೊತ್ತನ್ನು ತಿನ್ನುವುದು ತೆಳುಗಾಳಿ ಮತ್ತು ಮೆತ್ತಗಾದ ಹಿಮ.

ತಯಾರಿಗೆ ಮೂರು ತಿಂಗಳು ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ನಿಮಗೆ ಕೈಗೆಟಕುವಂತಿದೆ. ಏಳೆಂಟು ಕಿಲೋ ತೂಕದ ಚೀಲ ಹೊತ್ತು ಹತ್ತಿರಿ. ಹೆಚ್ಚಿನವರು ಹತ್ತಿ, ಬಸ್ಸಿನಲ್ಲಿ ಇಳಿದು ಬರುತ್ತಾರೆ. ನೀವು ನಡೆದೇ ಇಳಿಯಿರಿ, ಏಕೆಂದರೆ ಘಟ್ಟ ದಾಟುವ ಚಾರಣದಲ್ಲಿ ಮಂಡಿ ಕೈಕೊಡುವುದು ಪಾಸ್ ದಾಟಿದ ಮೇಲಿನ ಇಳಿಜಾರಿನಲ್ಲಿ, ಹಿಂದಕ್ಕೆ ಹೋಗುವುದು ಮುಂದಕ್ಕೆ ಹೋಗುವುದಕ್ಕಿಂತ ಕಷ್ಟವಾಗಿರುವ ಜಾಗದಲ್ಲಿ. ಹೊಸ ಬೂಟನ್ನು ಮನಾಲಿಯಲ್ಲಿ ಮೊದಲ ಬಾರಿಗೆ ಕಾಲಿಗೆ ಹಾಕಿಕೊಳ್ಳಬೇಡಿ.

ಕಳೆದ ವರ್ಷದ ಚಾರಣದಲ್ಲಿ ನನ್ನ ತಂಗಿಗೆ ಎರಡನೆಯ ಶಿಬಿರದಲ್ಲಿ ತಲೆನೋವು, ವಾಂತಿ. ‘ನಾಳೆ ಪಾಸ್ ದಾಟಿದರೆ ಇಳಿಜಾರೇ, ತಾನಾಗಿ ಸರಿಹೋಗುತ್ತದೆ’ ಎಂದು ತಂಡದವರು ಧೈರ್ಯ ಹೇಳಿ ಕರೆದುಕೊಂಡು ಹೋದರು. ದೇವರ ದಯೆ, ಏನೂ ಆಗಲಿಲ್ಲ. ಅವರು ಹೇಳಿದ್ದು ಸರಿಯೇ? ಡಯಾಮಾಕ್ಸ್ ಮಾತ್ರೆ, ಬೆಳ್ಳುಳ್ಳಿ ಸೂಪು ಇವುಗಳಿಂದ ಪ್ರಯೋಜನವಿದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಅವರು ಹೇಳಿದ್ದು ತಪ್ಪು. ಘಟ್ಟ ದಾಟುವ ಚಾರಣಗಳಲ್ಲಿ ಇಷ್ಟು ಸಲೀಸಾಗಿ ನಂಬಿಕೆ ಗಳಿಸಿದ ತಪ್ಪು ಇನ್ನೊಂದಿಲ್ಲ. ಮೇಲಿನ ಉತ್ತರದ ಅಂಕಿಗಳನ್ನೇ ಮತ್ತೊಮ್ಮೆ ನೋಡಿ. ಈಚೆಯ ಕೊನೆಯ ಶಿಬಿರ ಬಾಲು ಕಾ ಘೇರಾ ಸುಮಾರು 3,600 ಮೀಟರ್, ಪಾಸ್ ದಾಟಿ ಇಳಿದ ಮೇಲೆ ಸಿಗುವ ಶಿಯಾಗೋರು ಸುಮಾರು 3,900 ಮೀಟರ್. ದಿನವಿಡೀ ನಡೆದು, 4,270 ಮೀಟರಿನ ಮೇಲೆ ಹಾದು, ‘ಇಳಿದೆವು’ ಎಂದು ಬೀಗುತ್ತ ಮಲಗುವ ಹೊತ್ತಿಗೆ ನೀವು ಹಿಂದಿನ ರಾತ್ರಿಗಿಂತ 300 ಮೀಟರ್ ಮೇಲಿರುತ್ತೀರಿ. ಕಾಯಿಲೆ ಬಿದ್ದವರಿಗೆ ಬೇಕಾದ ಇಳಿತ ಬೆನ್ನ ಹಿಂದೆ, ಬಂದ ದಾರಿಯಲ್ಲಿ, ಎರಡು ಮೂರು ಗಂಟೆಯ ದೂರದಲ್ಲಿದೆ. ಮುಂದಿನ ದಾರಿಯಲ್ಲಿ ಅಷ್ಟೇ ಇಳಿತಕ್ಕೆ ಒಂದು ರಾತ್ರಿ ಕಳೆದು ಮರುದಿನ ಛತ್ರುವಿನ ಬಳಿಗೆ ಹೋಗಬೇಕು.

ಪಾಸಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ 60ರಷ್ಟೇ. ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಒಂದೊಂದು ಉಸಿರಿಗೂ ಸಿಗುವುದು ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು ಎಂಬುದು ಪರ್ವತ ವೈದ್ಯರ ಸಲಹೆ. ಹಂಪ್ತಾದಲ್ಲಿ ಎಡವುವುದು ಮೊದಲ ಹೆಜ್ಜೆಯಲ್ಲೇ: ಮನಾಲಿಯಿಂದ ಚೀಕಾಕ್ಕೆ ಒಂದೇ ದಿನದಲ್ಲಿ ಸಾವಿರ ಮೀಟರಿನ ಜಿಗಿತ, ಅದರಲ್ಲಿ ಬಹುಪಾಲು ವಾಹನದಲ್ಲಿ ಕುಳಿತೇ. ಬೆಂಗಳೂರಿನಿಂದ ವಿಮಾನ, ದೆಹಲಿಯಿಂದ ರಾತ್ರಿ ಬಸ್ಸು, ಬೆಳಿಗ್ಗೆ ಮನಾಲಿ, ಮಧ್ಯಾಹ್ನ ಜೋಬ್ರಾ ಎಂದು ಓಡುವವರಿಗೆ ಎರಡನೆಯ ಶಿಬಿರದಲ್ಲಿ ತಲೆ ಸಿಡಿದರೆ ಆಶ್ಚರ್ಯವಿಲ್ಲ. ಮನಾಲಿಯಲ್ಲಿ ಎರಡು ರಾತ್ರಿ ಕಳೆಯಿರಿ. ಉಳಿಸಿದ ಒಂದು ದಿನದ ರಜೆ ಮೇಲೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ಮುಂಜಾಗ್ರತೆಗೆ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರೂ ಒಮ್ಮೆ ಕೇಳಿಯೇ ತೆಗೆದುಕೊಳ್ಳುವುದು ಲೇಸು. ಬೆರಳ ತುದಿ ಜುಮ್ಮೆನ್ನುವುದು, ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ಟೆಂಟಿನ ಜಿಪ್ ಎಳೆಯುವುದು ಮಾತ್ರೆಯ ಗುಣವೇ ಹೊರತು ಕಾಯಿಲೆಯಲ್ಲ. ಬೆಳ್ಳುಳ್ಳಿ ಸೂಪು ಬಿಸಿಯಾಗಿರುತ್ತದೆ, ನೀರಿನ ಅಂಶ ಕೊಡುತ್ತದೆ. ಕುಡಿಯಿರಿ, ಆದರೆ ಅದರ ಬಲದ ಮೇಲೆ ಏರಬೇಡಿ.

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ಕುಡಿದವರಂತೆ ತೂರಾಡುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯಲಾಗದಿರುವುದು, ಮಾತು ತೊದಲುವುದು, ಕುಳಿತಲ್ಲೇ ಏದುಸಿರು, ನೊರೆ ಬೆರೆತ ಕೆಮ್ಮು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಿದ್ದರೂ ಇಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಳ್ಳೆಯ ಅಂಕಿ ತೋರಿಸಿತೆಂದು ಈ ಲಕ್ಷಣಗಳನ್ನು ತಳ್ಳಿಹಾಕುವುದು ಮೂರ್ಖತನ. ನಿಮ್ಮ ತಂಗಿಯವರಿಗೆ ಏನೂ ಆಗದಿದ್ದುದು ಸಂತೋಷ. ಅದರಿಂದ ಆ ತಂಡದ ತೀರ್ಮಾನ ಸರಿಯೆಂದಾಗುವುದಿಲ್ಲ.

ಹಿಮವೇ ಇಲ್ಲದ ಸೆಪ್ಟೆಂಬರಿನಲ್ಲೂ ಕಪ್ಪು ಕನ್ನಡಕ ಬೇಕೇ?
— ಓದುಗರೊಬ್ಬರು, ಉಡುಪಿ

ಬೇಕು. ಸೆಪ್ಟೆಂಬರಿನಲ್ಲಿ ಹಿಮ ಬೀಳುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಮುಂದಿನ ಉತ್ತರಗಳಲ್ಲಿ ಅದರ ಮಾತು ಬರುತ್ತದೆ.

ಪಾಸಿನ ಈಚೆಗೆ ಹಸಿರು, ಆಚೆಗೆ ಬೂದುಬಣ್ಣದ ಮರುಭೂಮಿ ಎಂದು ಚಿತ್ರಗಳಲ್ಲಿ ನೋಡಿದೆ. ಅರ್ಧ ದಿನದ ನಡಿಗೆಯಲ್ಲಿ ಇಷ್ಟು ವ್ಯತ್ಯಾಸ ಹೇಗೆ?
— ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ನಿಮ್ಮ ಊರಿನವರು ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲರು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿದರೆ, ಅದೇ ಮೋಡಗಳು ಘಟ್ಟ ಹತ್ತಿ ಪೂರ್ವಕ್ಕೆ ಸಾಗಿ ಚಳ್ಳಕೆರೆಯನ್ನು ಮುಟ್ಟುವ ಹೊತ್ತಿಗೆ ಅದರ ಹತ್ತನೆಯ ಒಂದು ಪಾಲೂ ಉಳಿದಿರುವುದಿಲ್ಲ. ಪಾಸಿನ ಈಚೆಯ ಕುಲ್ಲು ಕಣಿವೆಗೂ ಆಚೆಯ ಲಾಹೌಲಿಗೂ ನಡುವೆ ಪೀರ್ ಪಂಜಾಲ್ ಬೆಟ್ಟಸಾಲು ಮಾಡುವುದು ಅದೇ ಕೆಲಸ, ಆದರೆ ಗೋಡೆ ಎರಡು ಮೂರು ಪಟ್ಟು ಎತ್ತರ. ಹಾಗಾಗಿ ನಮ್ಮಲ್ಲಿ ನೂರು ಕಿಲೋಮೀಟರಿಗೂ ಮೀರಿ ಹರಡಿಕೊಂಡಿರುವ ಬದಲಾವಣೆ ಅಲ್ಲಿ ಒಂದು ಬೆಳಗಿನೊಳಗೆ ನಡೆದುಹೋಗುತ್ತದೆ. ಪಾಸಿನ ಮೇಲೆ ನಿಂತರೆ ಹಿಂದೆ ಕಣಿವೆಯ ತುಂಬ ಮೋಡ, ಮುಂದೆ ಒಂದು ಪೊದೆಯೂ ಇಲ್ಲದ ಇಳಿಜಾರು.

ಇದರಿಂದಲೇ ಜುಲೈ, ಆಗಸ್ಟ್ ತಿಂಗಳಲ್ಲಿಯೂ ಜನ ಹಂಪ್ತಾಕ್ಕೆ ಹೋಗುತ್ತಾರೆ: ಈಚೆ ಎರಡು ದಿನ ನೆನೆದರೂ ಆಚೆ ಬಟ್ಟೆ ಒಣಗುತ್ತದೆ. ಚಾರಣಿಗರಿಗಿಂತ ಬಹಳ ಮುಂಚೆಯೇ ಇದನ್ನು ಕಂಡುಕೊಂಡವರು ಗದ್ದಿಗಳು. ಬೇಸಿಗೆಯಲ್ಲಿ ಹಿಮ ಕರಗಿದ ಬೆನ್ನಿಗೇ ಕುರಿಮೇಕೆಗಳನ್ನು ಪಾಸ್ ದಾಟಿಸಿ ಲಾಹೌಲಿನ ಮೇವಿಗೆ ಒಯ್ಯುತ್ತಾರೆ, ಚಳಿ ಬೀಳುವ ಮುನ್ನ ಹಿಂದಿರುಗುತ್ತಾರೆ. ಹಿಂಡು ಎದುರಾದರೆ ಬೆಟ್ಟದ ಕಡೆಯ ಮಗ್ಗುಲಿಗೆ ಸರಿದು ನಿಲ್ಲಿ. ಇಳಿಜಾರಿನ ಅಂಚಿನಲ್ಲಿ ನಿಂತರೆ ನೂರಾರು ಕುರಿಗಳ ತಳ್ಳಾಟಕ್ಕೆ ನೀವೇ ಉರುಳಬೇಕಾದೀತು. ಅವರ ನಾಯಿಗಳನ್ನು ಮುದ್ದಿಸಲು ಹೋಗಬೇಡಿ.

ಎತ್ತರಕ್ಕಿಂತ ನನಗೆ ನೀರಿನದೇ ಹೆದರಿಕೆ. ಶಿಯಾಗೋರುವಿನ ಹಳ್ಳವನ್ನು ದಾಟುವುದು ಅಷ್ಟು ಕಷ್ಟವೇ?
— ಗೃಹಿಣಿ, ಬೆಂಗಳೂರು

ಹೆದರಿಕೆ ಸರಿಯಾದ ಜಾಗದಲ್ಲಿಯೇ ಇದೆ. ಆ ಹಳ್ಳ ಅಗಲದಲ್ಲಿ ನಮ್ಮ ಮಲೆನಾಡಿನ ಹಳ್ಳಗಳಿಗಿಂತ ದೊಡ್ಡದೇನಲ್ಲ, ಆದರೆ ಅದರ ನಡವಳಿಕೆ ಬೇರೆ. ನಮ್ಮ ಹಳ್ಳಗಳು ಮಳೆಗೆ ಏರುತ್ತವೆ, ಅದು ಬಿಸಿಲಿಗೆ ಏರುತ್ತದೆ. ಮೇಲಿನ ಹಿಮ ಹಗಲಿಡೀ ಕರಗಿ ಮಧ್ಯಾಹ್ನದ ಮೇಲೆ ನೀರು ಉಕ್ಕುತ್ತದೆ, ರಾತ್ರಿಯ ಚಳಿಗೆ ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ದಡದಲ್ಲಿ ನಿಂತು ನೋಡಿದಾಗ ಬೂದುನೀರಿನ ಅಡಿಯಲ್ಲಿ ಕಲ್ಲುಗಳು ಉರುಳುವ ಗುಡುಗುಡು ಸದ್ದು ಎದೆಗೇ ಕೇಳಿಸುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಬಂದರೆ ನಿನ್ನೆ ಮುಳುಗಿದ್ದ ಬಂಡೆಗಳು ತಲೆಯೆತ್ತಿರುತ್ತವೆ, ಅವುಗಳ ಮೇಲೆ ಗಾಜಿನಂಥ ಮಂಜುಗಡ್ಡೆಯ ಪದರವಿರುತ್ತದೆ. ಆ ಬಂಡೆಯಿಂದ ಬಂಡೆಗೆ ಹಾರಲು ಹೋದವರು ಬೀಳುತ್ತಾರೆ. ನೀರಿಗೇ ಇಳಿಯುವುದು ಲೇಸು.

ಬೂಟು, ಕಾಲುಚೀಲ ಬಿಚ್ಚಿ ಚೀಲಕ್ಕೆ ಕಟ್ಟಿ, ಪಟ್ಟಿಯಿರುವ ಸ್ಯಾಂಡಲ್ ಹಾಕಿಕೊಳ್ಳಿ; ಬರಿಗಾಲು ಬೇಡ, ಹವಾಯಿ ಚಪ್ಪಲಿಯಂತೂ ಮೂರನೆಯ ಹೆಜ್ಜೆಗೆ ಚಂದ್ರಾ ನದಿಯ ಪಾಲಾಗುತ್ತದೆ. ಬೆನ್ನುಚೀಲದ ಸೊಂಟದ ಬಕಲ್ ಬಿಚ್ಚಿಡಿ, ಬಿದ್ದರೆ ಚೀಲವನ್ನು ಕಳಚಿ ಏಳಲು ಸಾಧ್ಯವಾಗಬೇಕು. ಮುಖ ನೀರು ಬರುವ ಕಡೆಗಿರಲಿ, ಕಾಲುಗಳನ್ನು ಒಂದಕ್ಕೊಂದು ಅಡ್ಡ ದಾಟಿಸದೆ ಏಡಿಯಂತೆ ಪಕ್ಕಕ್ಕೆ ಸರಿಯಿರಿ, ಊರುಗೋಲು ಊರಿ ಗಟ್ಟಿಯಾಗಿದೆಯೆಂದು ತಿಳಿದ ಮೇಲೆ ಹೆಜ್ಜೆ ಎತ್ತಿ. ಪಕ್ಕದವರ ತೋಳಿಗೆ ತೋಳು ಸೇರಿಸಿ ಮೂವರು ನಾಲ್ವರು ಒಟ್ಟಾಗಿ ದಾಟುವುದು ಇನ್ನೂ ಒಳ್ಳೆಯದು. ನೀರಿನ ಚಳಿ ಮೊದಲ ಹತ್ತು ಸೆಕೆಂಡು ಕಚ್ಚುತ್ತದೆ, ಆಮೇಲೆ ಕಾಲಿದೆಯೋ ಇಲ್ಲವೋ ತಿಳಿಯುವುದಿಲ್ಲ, ದಡ ಸೇರಿ ಒರೆಸಿಕೊಂಡ ಮೇಲೆ ಐದು ನಿಮಿಷ ಉರಿ. ನನ್ನ ಮೊದಲ ಸಲ ನಾನು ಒಣ ಟವೆಲನ್ನು ಚೀಲದ ತಳದಲ್ಲಿ ಇಟ್ಟುಕೊಂಡು, ನಡುಗುವ ಕೈಯಲ್ಲಿ ಇಡೀ ಚೀಲವನ್ನು ಮರಳಿನ ಮೇಲೆ ಸುರಿದೆ. ನೀವು ಅದನ್ನು ಮೇಲೆಯೇ ಇಟ್ಟುಕೊಳ್ಳಿ.

ನಾವು ಬರ್ನ್ ನಗರದಲ್ಲಿರುವ ಕನ್ನಡಿಗರು. ಜೂನ್ ಮೊದಲ ವಾರ ಊರಿನಿಂದ ಬರುವ ತಮ್ಮನೊಡನೆ ಗ್ರೀಸಾಲ್ಪ್‌ನಿಂದ ಹೋಟ್ಯೂರ್ಲಿ ಪಾಸ್ ದಾಟಿ ಕಾಂಡರ್‌ಸ್ಟೆಗ್‌ಗೆ ಇಳಿಯುವ ಯೋಚನೆಯಿದೆ. ಅವನು ಹಂಪ್ತಾ ಮಾಡಿದವನು, 2,778 ಮೀಟರ್ ಎಂದರೆ ನಗುತ್ತಾನೆ. ನಿಮ್ಮ ಸಲಹೆ?
— ಓದುಗರೊಬ್ಬರು, ಸ್ವಿಟ್ಜರ್ಲೆಂಡ್

ನಗುವನ್ನು ಆಗಸ್ಟ್‌ವರೆಗೆ ಇಟ್ಟುಕೊಳ್ಳಲು ಹೇಳಿ. ಆಲ್ಪ್ಸ್‌ನ ಈ ಪಾಸ್‌ಗಳಲ್ಲಿ ಗಾಳಿ ತೆಳುವಲ್ಲ, ಆದರೆ ಒಂದು ದಿನದ ಏರಿಳಿತ ಹಂಪ್ತಾದ ದುಪ್ಪಟ್ಟಿಗೂ ಹೆಚ್ಚು. 1,408 ಮೀಟರಿನ ಗ್ರೀಸಾಲ್ಪ್‌ನಿಂದ ಪಾಸಿಗೆ ಸುಮಾರು 1,370 ಮೀಟರ್ ಏರು, ಆಚೆಗೆ 1,578 ಮೀಟರಿನ ಎಶಿನೆನ್ ಸರೋವರಕ್ಕೆ ಸುಮಾರು 1,200 ಮೀಟರ್ ಇಳಿತ, ಎಲ್ಲವೂ ಒಂದೇ ಹಗಲಿನಲ್ಲಿ. ಪಾಸಿಗೆ ಮುಂಚಿನ ಜಾರುಮಣ್ಣಿನ ಏರಿನಲ್ಲಿ ಮರದ ಮೆಟ್ಟಿಲುಗಳನ್ನೂ ಹಿಡಿಹಗ್ಗಗಳನ್ನೂ ಅಳವಡಿಸಿದ್ದಾರೆ. ಜೂನ್ ಮೊದಲ ವಾರದಲ್ಲಿ ಅವು ಗಟ್ಟಿ ಹಳೆಹಿಮದಡಿ ಹೂತಿರುವ ಸಂಭವವೇ ಹೆಚ್ಚು. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಜೂನಿನಲ್ಲೇ ಹೋಗಬೇಕೆಂದಿದ್ದರೆ 1,962 ಮೀಟರಿನ ಗ್ರೋಸೆ ಶೈಡೆಗ್ ದಾಟಿರಿ. ಮೈರಿಂಗನ್ ಕಡೆಯಿಂದ ಗ್ರಿಂಡೆಲ್ವಾಲ್ಡ್ ಕಣಿವೆಗೆ ಇಳಿಯುವ ಆ ದಾರಿಯೂ ಪೂರ್ಣ ಘಟ್ಟವೇ, ಬೇಸಿಗೆಯ ಬಸ್ಸು ಓಡತೊಡಗಿದ ಮೇಲೆ ದಣಿದವರು ಅದನ್ನೂ ಹತ್ತಬಹುದು.

ಅಲ್ಲಿಯ ಹಳದಿ ಫಲಕಗಳಲ್ಲಿ ದೂರದ ಬದಲು ಗಂಟೆ ಬರೆದಿರುತ್ತದೆ, ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿಲ್ಲ. ಬಿಳಿ-ಕೆಂಪು-ಬಿಳಿ ಪಟ್ಟಿ ಬೆಟ್ಟದ ದಾರಿ, ಬಿಳಿ-ನೀಲಿ-ಬಿಳಿ ಪಟ್ಟಿ ಕಂಡರೆ ಅದು ಹಗ್ಗ, ಹಿಮಗೊಡಲಿಯ ಅಭ್ಯಾಸ ಇರುವವರ ದಾರಿ. ಪಾಸಿನ ತುಸು ಮೇಲೆಯೇ ಇರುವ ಬ್ಲ್ಯೂಮ್ಲಿಸಾಲ್ಪ್ ಗುಡಿಸಲಿನಲ್ಲಿ ಮುಂಗಡವಾಗಿ ಜಾಗ ಕಾದಿರಿಸಿದರೆ ದಾರಿ ಎರಡು ದಿನಕ್ಕೆ ಹಂಚಿಹೋಗುತ್ತದೆ, ಮಧ್ಯಾಹ್ನದ ಗುಡುಗು ಸಿಡಿಲಿಗೂ ಸಿಕ್ಕುವುದಿಲ್ಲ. ಆಪತ್ತಿನಲ್ಲಿ ಕೂಗಿ ಅಥವಾ ದೀಪದಿಂದ ನಿಮಿಷಕ್ಕೆ ಆರು ಬಾರಿ ಸನ್ನೆ, ಒಂದು ನಿಮಿಷ ಬಿಡುವು, ಮತ್ತೆ ಆರು. ಮೂರು ಸನ್ನೆ ಬಂದರೆ ಯಾರೋ ಕಂಡಿದ್ದಾರೆ ಎಂದರ್ಥ. ಹಂಪ್ತಾದ ಹುಡುಗನಿಗೂ ಇದನ್ನು ಕಲಿಸಿರಿ.

2024ರ ಸಹಸ್ರತಾಲ್ ದುರಂತದ ನಂತರ ಮನೆಯಲ್ಲಿ ಚಾರಣದ ಮಾತೆತ್ತಿದರೆ ಅಮ್ಮ ಅಳುತ್ತಾರೆ. ಅವರಿಗೆ ಏನು ಹೇಳಲಿ? ತಂಡವನ್ನು ಆರಿಸುವಾಗ ಏನು ಕೇಳಬೇಕು?
— ಓದುಗರೊಬ್ಬರು, ತುಮಕೂರು

ಆ ಜೂನ್ ತಿಂಗಳ ಮೊದಲ ವಾರವನ್ನು ಕರ್ನಾಟಕದ ಚಾರಣಿಗರು ಮರೆಯುವಂತಿಲ್ಲ. ಉತ್ತರಾಖಂಡದಲ್ಲಿ ಸುಮಾರು 4,400 ಮೀಟರ್ ಎತ್ತರದ ಸಹಸ್ರತಾಲಿಗೆ ಹೋಗಿದ್ದ 22 ಜನರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ, 9 ಮಂದಿ ನಮ್ಮವರು ತೀರಿಕೊಂಡರು. ಉಳಿದವರಲ್ಲಿ ಹಲವರನ್ನು ಹೆಲಿಕಾಪ್ಟರುಗಳಲ್ಲಿ ಇಳಿಸಬೇಕಾಯಿತು. ಇತ್ತ ಹಂಪ್ತಾದಲ್ಲಿಯೂ 2018ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೌಲಿನಲ್ಲಿ ಅಕಾಲದ ಹಿಮ ಸುರಿದು, ರೂರ್ಕಿ ಐಐಟಿಯ ವಿದ್ಯಾರ್ಥಿಗಳ ತಂಡದ ಸಂಪರ್ಕವೇ ತಪ್ಪಿ, ಅವರೆಲ್ಲ ಕ್ಷೇಮವೆಂದು ತಿಳಿಯುವವರೆಗೆ ದೇಶವೇ ಕಾದಿತ್ತು. ಅಮ್ಮನವರ ಅಳು ಕಾರಣವಿಲ್ಲದ್ದೆಂದು ನಾನು ಹೇಳಲಾರೆ.

ಶಿಖರ ಹತ್ತುವವರು ಹತ್ತಿದ ದಾರಿಯಲ್ಲೇ ಇಳಿಯುತ್ತಾರೆ, ಆ ದಾರಿ ಅವರಿಗೆ ಗೊತ್ತಿರುತ್ತದೆ. ಪಾಸ್ ದಾಟುವವರು ಬೆಳಗಿನಿಂದ ಹತ್ತಿದ್ದು ಒಂದು ದಾರಿ, ದಣಿದ ಮೇಲೆ ಇಳಿಯುವುದು ತಾವು ನೋಡಿಯೇ ಇಲ್ಲದ ಇನ್ನೊಂದು ದಾರಿ. ಆ ಕಡೆಯ ಹವೆಯೂ ಈ ಕಡೆಯಿಂದ ಕಾಣುವುದಿಲ್ಲ. ಹಾಗಾಗಿ ತೀರ್ಮಾನ ಪಾಸಿನ ಕೆಳಗೆ, ಈಚೆ ಮಗ್ಗುಲಲ್ಲಿ ಆಗಬೇಕು. ಒಮ್ಮೆ ನಾವು ಪಾಸಿಗೆ ಅರ್ಧ ಗಂಟೆಯಷ್ಟೇ ಉಳಿದಿದ್ದಾಗ ಹಿಂದಿರುಗಿದೆವು. ಗೈಡ್ ಹಿಂದಿನ ರಾತ್ರಿಯೇ ‘ಹನ್ನೊಂದೂವರೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸ್’ ಎಂದಿದ್ದ. ಹನ್ನೊಂದೂವರೆಯಾಯಿತು, ಮೋಡ ಕೆಳಗಿನಿಂದ ಹಬ್ಬತೊಡಗಿತ್ತು, ಅವನು ಗಡಿಯಾರ ತೋರಿಸಿ ತಿರುಗಿ ನಿಂತ. ನಾನು ಅವನೊಡನೆ ಜಗಳವಾಡಿದೆ. ಎರಡು ಗಂಟೆಗೆ ಹಿಮ ಬೀಳಲು ಶುರುವಾದಾಗ ನಾವು ಟೆಂಟಿನೊಳಗೆ ಕಿಚಡಿ ತಿನ್ನುತ್ತಿದ್ದೆವು, ನಾನು ಅವನ ಮುಖ ನೋಡಲಿಲ್ಲ.

ಆದ್ದರಿಂದ ತಂಡದವರನ್ನು ಮೊದಲು ಕೇಳಬೇಕಾದುದು ಇದು: ಹಿಂದಿರುಗುವ ಗಂಟೆ ಯಾವುದು, ಅದನ್ನು ನಿರ್ಧರಿಸುವವರು ಯಾರು, ಹಿಂದಿರುಗಿದರೆ ಮರುದಿನ ಮತ್ತೆ ಪ್ರಯತ್ನಿಸಲು ಒಂದು ಹೆಚ್ಚಿನ ದಿನ, ಒಂದು ದಿನದ ಹೆಚ್ಚಿನ ಆಹಾರ ಇದೆಯೇ. ಹೆಚ್ಚಿನ ದಿನವಿಲ್ಲದ ತಂಡ ಕೆಟ್ಟ ಹವೆಯಲ್ಲೂ ಮುಂದಕ್ಕೆ ನೂಕುತ್ತದೆ, ಏಕೆಂದರೆ ಆಚೆ ಛತ್ರುವಿನಲ್ಲಿ ಗಾಡಿ ಕಾಯುತ್ತಿರುತ್ತದೆ. ಒಬ್ಬರು ಕಾಯಿಲೆ ಬಿದ್ದು ಕೆಳಗಿಳಿಯಬೇಕಾದರೆ ಅವರೊಡನೆ ಹೋಗಲು ಎರಡನೆಯ ಗೈಡ್ ಇದ್ದಾನೆಯೇ, ಆಮ್ಲಜನಕದ ಸಿಲಿಂಡರ್ ಅಡುಗೆಯ ಸಾಮಾನಿನೊಡನೆ ಮುಂದೆ ಹೋಗಿಬಿಡುತ್ತದೆಯೋ ತಂಡದ ಜೊತೆಯಲ್ಲೇ ಇರುತ್ತದೆಯೋ ಎಂದೂ ಕೇಳಿ. ಉತ್ತರ ತಡವರಿಸಿದರೆ ಹಣ ಕಟ್ಟಬೇಡಿ.

ಅಮ್ಮನವರಿಗೆ ಈ ಉತ್ತರಗಳನ್ನೇ ಓದಿ ಹೇಳಿ, ಧೈರ್ಯದ ಮಾತಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ. ಯಾವ ರಾತ್ರಿ ಯಾವ ಶಿಬಿರ ಎಂಬುದನ್ನೂ ತಂಡದ ಕಚೇರಿಯ ಫೋನ್ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಜೋಬ್ರಾ ಬಿಟ್ಟ ಮೇಲೆ ಸಾಮಾನ್ಯವಾಗಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಛತ್ರುವಿನಿಂದ ಹೊರಟ ಗಾಡಿ 2020ರಲ್ಲಿ ತೆರೆದ ಅಟಲ್ ಸುರಂಗದ ಉತ್ತರ ಬಾಗಿಲಿನ ಕಡೆ, ಸಿಸ್ಸುವಿನ ಹತ್ತಿರ ಬಂದಾಗ ಫೋನ್ ಮತ್ತೆ ಜೀವ ಪಡೆಯುತ್ತದೆ. ಆ ದಿನ ಸಂಜೆಯ ಮುಂಚೆ ಕರೆ ಬರುವುದಿಲ್ಲವೆಂದು, ಹಿಂದಿರುಗಬೇಕಾಗಿ ಬಂದರೆ ಒಂದು ದಿನ ತಡವೂ ಆಗಬಹುದೆಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.